ಕಳ್ಳನ ವೇಷದ ಯಜಮಾನ: ಗುಬ್ಬಿ ವೀರಣ್ಣ

ಬೆಳ್ಳಾವೆ ನರಹರಿಶಾಸ್ತ್ರಿಗಳು ರಚಿಸಿದ ‘ಸದಾರಮೆ’ ನಾಟಕದಲ್ಲಿ ನಾಯಕ ರಾಜಕುಮಾರ, ನಾಯಕಿ ವರ್ತಕನ ಮಗಳು ಸದಾರಮೆ. ಕಷ್ಟಗಳ ಮೇಲೆ ಕಷ್ಟ ಬಂದು ದಂಪತಿಗಳು ಅಗಲಿದ ಮೇಲೆ, ಕಥೆಯ ಹಾದಿಯಲ್ಲಿ ಒಬ್ಬ ಕಳ್ಳ ಎದುರಾಗುತ್ತಾನೆ. ಸದಾರಮೆಯನ್ನು ತನ್ನವಳಾಗಿಸಿಕೊಳ್ಳಬೇಕೆಂದು ಹೊರಟು, ಅವಳ ಜಾಣ್ಮೆಗೆ ಸೋತು, ರಂಗದಿಂದ ಮರೆಯಾಗುತ್ತಾನೆ. ನಾಟಕದ ಒಟ್ಟು ಅಳತೆಯಲ್ಲಿ ಅವನ ಪಾಲು ಚಿಕ್ಕದು. ಹಾಗಿದ್ದರೂ ಹಳೆಯ ಮೈಸೂರಿನ ಊರೂರುಗಳಲ್ಲಿ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದುದು ಆ ಕಳ್ಳನನ್ನು ನೋಡಲು. ಆ ಪಾತ್ರಕ್ಕೆ ಬಣ್ಣ ಹಚ್ಚುತ್ತಿದ್ದವರು ಕಂಪನಿಯ ಮಾಲೀಕರಾದ ಗುಬ್ಬಿ ವೀರಣ್ಣನವರು. ಯಾವ ಪಾತ್ರವನ್ನು ಬೇಕಾದರೂ ತಮಗೆ ಇಟ್ಟುಕೊಳ್ಳಬಲ್ಲ ಯಜಮಾನರು ಕಿರೀಟವನ್ನು ಬೇರೆಯವರ ತಲೆಗಿಟ್ಟು ಕಳ್ಳನ ಮುಂಡಾಸನ್ನು ತಾವು ಸುತ್ತಿಕೊಂಡರು.

ತುಮಕೂರು ಜಿಲ್ಲೆಯ ಗುಬ್ಬಿಯ ಆರಾಧ್ಯದೈವ ಚನ್ನಬಸವೇಶ್ವರ. ಆ ಹೆಸರಿನ ಕೃಪೆಯನ್ನು ಬೇಡಿ ಗುಬ್ಬಿ ಚಂದಣ್ಣನವರೂ ಅವರ ಗೆಳೆಯರೂ 1884ರಲ್ಲಿ ನಾಟಕ ಸಂಘವೊಂದನ್ನು ಕಟ್ಟಿದರು. ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಅಂದರೆ ಅವರಿಗಿಂತ ಅವರ ಕಂಪನಿಗೆ ಏಳು ವರ್ಷ ಹೆಚ್ಚು ವಯಸ್ಸು. ಅಕ್ಷರ ಕಲಿಯುವ ವಯಸ್ಸಿನಲ್ಲಿಯೇ ಅವರು ಬಾಲನಟರಾಗಿ ಈ ಸಂಘವನ್ನು ಸೇರಿದರು. ಮುಂದೆ ಅವರ ವಿದ್ಯೆ, ವೃತ್ತಿ, ಸಂಸಾರ ಎಲ್ಲವೂ ಆ ಡೇರೆಯ ಕೆಳಗೇ ನಡೆದವು.

ಅಂದಿನ ಕಂಪನಿಗಳಲ್ಲಿ ಹುಡುಗನೊಬ್ಬ ನಟನಾಗುತ್ತಿದ್ದ ಬಗೆಯನ್ನು ಇಂದಿನ ವಿದ್ಯಾರ್ಥಿ ಸ್ವಲ್ಪ ಊಹಿಸಿಕೊಳ್ಳಬೇಕಾಗುತ್ತದೆ. ಅಲ್ಲಿ ಪ್ರವೇಶಪರೀಕ್ಷೆ ಇರಲಿಲ್ಲ, ಪಠ್ಯಪುಸ್ತಕವೂ ಇರಲಿಲ್ಲ. ಊಟ, ವಸತಿ ಕಂಪನಿಯದು. ಬೆಳಿಗ್ಗೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಶ್ರುತಿ ಹಿಡಿಯಬೇಕು. ಅನಂತರ ಮಾತಿನ ತಾಲೀಮು. ಮೇಷ್ಟ್ರು ಹೇಳಿಕೊಟ್ಟ ಮಾತನ್ನು ಏರಿಳಿತ ತಪ್ಪದೆ ಒಪ್ಪಿಸಬೇಕು. ರಾತ್ರಿ ಮೊದಲು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲುವುದು, ಬಳಿಕ ಲೋಹಿತಾಶ್ವನೋ ಪ್ರಹ್ಲಾದನೋ ಆಗುವುದು, ಅದೂ ಇಲ್ಲದ ದಿನ ಸಖಿಯರ ಗುಂಪಿನಲ್ಲಿ ಒಬ್ಬಳಾಗುವುದು. ಗಂಟಲು ಒಡೆಯುವ ವಯಸ್ಸು ಬಂದರೆ ಬಾಲಪಾತ್ರವೂ ಇಲ್ಲ, ದೊಡ್ಡ ಪಾತ್ರವೂ ಇಲ್ಲ. ಎಷ್ಟೋ ಹುಡುಗರು ಆ ಹೊತ್ತಿಗೆ ಊರಿಗೆ ಹಿಂದಿರುಗುತ್ತಿದ್ದರು. ಉಳಿದವರು ಪರದೆ ಎಳೆದರು, ದೀಪ ನೋಡಿಕೊಂಡರು, ಸಾಮಾನು ಹೊತ್ತರು. ಮತ್ತು ಪ್ರತಿ ರಾತ್ರಿ ಪರದೆಯ ಮರೆಯಲ್ಲಿ ನಿಂತು ಇಡೀ ನಾಟಕವನ್ನು ಕೇಳಿದರು. ಹೀಗೆ ನೂರು ರಾತ್ರಿ ಕೇಳಿದವನಿಗೆ ಎಲ್ಲ ಪಾತ್ರಗಳ ಮಾತೂ ಕಂಠಪಾಠವಾಗಿರುತ್ತಿತ್ತು. ಯಾರಾದರೂ ಜ್ವರದಿಂದ ಮಲಗಿದ ರಾತ್ರಿ ಅವನ ಅದೃಷ್ಟ ತೆರೆಯುತ್ತಿತ್ತು. ವೃತ್ತಿರಂಗಭೂಮಿಯ ಬಹುಪಾಲು ಕಲಾವಿದರು ದೊಡ್ಡ ಪಾತ್ರಕ್ಕೆ ತಲುಪಿದ್ದು ಇಂಥ ಹಾದಿಯಿಂದಲೇ.

ವೀರಣ್ಣನವರು ಈ ಹಾದಿಯಲ್ಲಿ ನಡೆದು ಹಾಸ್ಯದ ಕಡೆಗೆ ಹೊರಳಿದರು. ಆ ಕಾಲದ ಕನ್ನಡ ರಂಗಭೂಮಿ ಹಾಡುವ ನಾಯಕನದು. ರತ್ನಾವಳಿ ಕಂಪನಿಯ ಎ.ವಿ. ವರದಾಚಾರ್ಯರಂಥವರು ಒಂದು ಪದ್ಯವನ್ನು ಎತ್ತಿಕೊಂಡರೆ ಸಭೆ ಮತ್ತೆ ಮತ್ತೆ ಹಾಡಿಸುತ್ತಿತ್ತು. ಕಥೆ ಅಲ್ಲಿಯೇ ನಿಂತು ಕಾಯುತ್ತಿತ್ತು. ಹಾಸ್ಯಗಾರನಿಗೆ ಅಂಥ ಭಾಗ್ಯವಿಲ್ಲ. ಅವನು ಬರುವುದು ಬೇರೆಯವರ ಕಥೆಯೊಳಕ್ಕೆ, ಬೇರೆಯವರ ಅವಸರಕ್ಕೆ.

ಆ ಅವಸರ ಎಂಥದೆಂಬುದು ಅಂದಿನ ರಂಗದ ಕಟ್ಟಡವನ್ನು ತಿಳಿದರೆ ಗೊತ್ತಾಗುತ್ತದೆ. ಪಾರ್ಸಿ ಕಂಪನಿಗಳಿಂದ ಬಂದ ಪದ್ಧತಿಯಂತೆ ನಾಟಕದಲ್ಲಿ ಎರಡು ಬಗೆಯ ದೃಶ್ಯಗಳು. ಅರಮನೆ, ದರ್ಬಾರು, ಉದ್ಯಾನಗಳಿಗೆ ರಂಗದ ಪೂರ್ಣ ಆಳ ಬೇಕು. ಅವು ಡೀಪ್ ಸೀನ್‌ಗಳು. ಒಂದು ದರ್ಬಾರು ಮುಗಿದು ಇನ್ನೊಂದು ಉದ್ಯಾನ ಸಿದ್ಧವಾಗಲು ಸಮಯ ಬೇಡವೇ? ಆಗ ಮುಂಭಾಗದಲ್ಲಿ ಬೀದಿಯ ಚಿತ್ರವಿರುವ ಪರದೆಯೊಂದು ಇಳಿಯುತ್ತಿತ್ತು. ಅದರ ಮುಂದಿನ ಕೆಲವೇ ಅಡಿ ಜಾಗದಲ್ಲಿ ಸೇವಕ, ಸೇವಕಿ, ಶೆಟ್ಟಿ, ಕಾವಲುಗಾರ, ಕಳ್ಳ ಬಂದು ನಗಿಸುತ್ತಿದ್ದರು. ಹಿಂದೆ ಆಳುಗಳು ಸಿಂಹಾಸನವನ್ನು ಎಳೆಯುವ ಸದ್ದು ಸಭೆಗೆ ಕೇಳಿಸಬಾರದು. ಸಿಂಹಾಸನ ನೆಲೆಯಾಗುವ ತನಕ ಮಾತು ನಿಲ್ಲಬಾರದು. ನೆಲೆಯಾಯಿತೆಂಬ ಸನ್ನೆ ಬಂದೊಡನೆ ಮಾತು ಬೆಳೆಯಲೂ ಬಾರದು. ಬರೆದ ಮಾತಿನ ಜೊತೆಗೆ ಆ ಊರಿನ ಸುದ್ದಿ, ಆ ದಿನದ ಮಳೆ, ಮುಂದಿನ ಸಾಲಿನಲ್ಲಿ ಕುಳಿತವರ ಪೇಟ ಎಲ್ಲವನ್ನೂ ಸೇರಿಸಿಕೊಂಡು ಹಿಗ್ಗಿಸುವ, ಕುಗ್ಗಿಸುವ ಶಕ್ತಿ ನಟನಿಗೆ ಬೇಕಾಗಿತ್ತು. ಪೋಷಕ ಪಾತ್ರವೆಂಬ ಮಾತಿನಲ್ಲಿ ಪೋಷಣೆ ಇರುವುದು ಸುಮ್ಮನೆ ಅಲ್ಲ.

‘ಸದಾರಮೆ’ಯ ಕಳ್ಳ ಇಂಥ ನಟನಿಗೆ ದೊರೆತ ಪಾತ್ರ. ಮೇಲ್ನೋಟಕ್ಕೆ ಸುಲಭ, ಒಳಗೆ ತೊಡಕಿನದು. ಕಳ್ಳ ಬರೀ ಪೆದ್ದನಾದರೆ ಅವನನ್ನು ಗೆದ್ದ ಸದಾರಮೆಯ ಜಾಣತನಕ್ಕೆ ಬೆಲೆಯಿಲ್ಲ. ನಿಜವಾಗಿ ಭಯಂಕರನಾದರೆ, ಒಂಟಿ ಹೆಣ್ಣು ಅವನ ಕೈಗೆ ಸಿಕ್ಕಿದ ದೃಶ್ಯದಲ್ಲಿ ಯಾರಿಗೂ ನಗೆ ಬಾರದು. ಮೊದಲು ಸಭೆ ಒಂದಿಷ್ಟು ಹೆದರಬೇಕು, ಆಮೇಲೆ ಅವನ ಆಸೆಯನ್ನು ಕಂಡು ನಗಬೇಕು, ಕೊನೆಗೆ ಅವನು ಮೋಸಹೋದಾಗ ಅಯ್ಯೋ ಪಾಪ ಎನ್ನಿಸಬೇಕು. ಇಷ್ಟೂ ಆದ ಮೇಲೆ ಚಪ್ಪಾಳೆ ಸದಾರಮೆಗೆ ಸಲ್ಲಬೇಕು. ಎದುರಿನವರ ಗೆಲುವನ್ನು ಕಟ್ಟಿಕೊಡುವ ಸೋಲು ಅದು, ಮತ್ತು ಅದನ್ನು ದಿನವೂ ಹೊಸದಾಗಿ ಸೋಲಬೇಕು. ವೀರಣ್ಣನವರು ಈ ಪಾತ್ರವನ್ನು ದಶಕಗಳ ಕಾಲ ಹೊತ್ತು ತಿರುಗಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ವರ್ಸಟೈಲ್ ಕಮೆಡಿಯನ್ ಎಂಬ ಬಿರುದನ್ನು ಕೊಟ್ಟರು. ಬಹುಮುಖ ವಿನೋದಕಾರ ಎಂಬ ಅರ್ಥದ ಆ ಬಿರುದು ಅರಮನೆಯ ಮನ್ನಣೆ ರಾಜಪಾತ್ರಗಳನ್ನು ದಾಟಿ ಹಾಸ್ಯಗಾರನವರೆಗೆ ಬಂದುದಕ್ಕೆ ಸಾಕ್ಷಿ.

1917ರಲ್ಲಿ ಕಂಪನಿಯ ಒಡೆತನ ವೀರಣ್ಣನವರಿಗೆ ಬಂತು. ಆಮೇಲಿನ ಬೆಳವಣಿಗೆ ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಎಲ್ಲರೂ ಓದುವಂಥದು. ಗಂಡಸರೇ ಸೀರೆಯುಟ್ಟು ನಟಿಸುತ್ತಿದ್ದ ರಂಗಕ್ಕೆ ಅವರು ನಟಿಯರನ್ನು ಕರೆತಂದರು. ಅವರ ಪತ್ನಿ ಬಿ. ಜಯಮ್ಮನವರು ರಂಗದಲ್ಲೂ ಚಿತ್ರದಲ್ಲೂ ಹೆಸರಾದ ಕಲಾವಿದೆ. ಎಳೆಯರಿಗೆಂದೇ ಬಾಲಕರ ತಂಡ ಕಟ್ಟಿದರು. 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ವೈಭವ ಹೆಚ್ಚಿದಷ್ಟೂ ವೈಭವವನ್ನು ಸಿದ್ಧಪಡಿಸುವ ಹೊತ್ತೂ ಹೆಚ್ಚುತ್ತದೆ. ಬೀದಿಪರದೆಯ ಮುಂದೆ ನಿಲ್ಲುವ ನಟನ ಹೊಣೆಯೂ ಹೆಚ್ಚುತ್ತದೆ. ಆನೆಯನ್ನು ನೋಡಿ ಬೆರಗಾದವರು ಈ ಲೆಕ್ಕವನ್ನು ಮರೆಯುವುದುಂಟು.

ಕಂಪನಿಯ ಮೊಕ್ಕಾಂ ಮೈಸೂರು ಸೀಮೆಗೆ ಮಾತ್ರ ನಿಲ್ಲಲಿಲ್ಲ. ಮದ್ರಾಸು ಪ್ರಾಂತದ ತೆಲುಗು, ತಮಿಳು ಊರುಗಳಿಗೂ ಅದು ಹೋಯಿತು. ಅಂದಿನ ನಾಟಕಕ್ಕೆ ಭಾಷೆಯ ಗಡಿ ಅಷ್ಟು ಗಟ್ಟಿಯಾಗಿರಲಿಲ್ಲ. ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿಯ ಕಡೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಆಡುವ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸದಾರಮೆಯ ಕಥೆಯೇ ಇದಕ್ಕೆ ನಿದರ್ಶನ. ತಮಿಳು ರಂಗದಲ್ಲಿ ಅದು ‘ಸದಾರಂ’ ಎಂದು ಪ್ರಸಿದ್ಧ. 1935ರಲ್ಲಿ ಕನ್ನಡದಲ್ಲಿ ‘ಸದಾರಮೆ’ ವಾಕ್ಚಿತ್ರವೂ, ತಮಿಳಿನಲ್ಲಿ ಕೆ. ಸುಬ್ರಹ್ಮಣ್ಯಂ ಅವರ ‘ನವೀನ ಸದಾರಂ’ ವಾಕ್ಚಿತ್ರವೂ ತೆರೆಕಂಡವು. ಕನ್ನಡ ಚಿತ್ರದಲ್ಲಿ ವೀರಣ್ಣನವರೇ ಅಭಿನಯಿಸಿದರು. ಗಡಿಯ ಈಚೆಗೂ ಆಚೆಗೂ ಒಂದೇ ವರ್ತಕನ ಮಗಳು ಜಾಣತನದಿಂದ ಪಾರಾದಳು.

ಈ ಸೀಮೆಯ ಹಳ್ಳಿಗಳಲ್ಲಿ ಹಬ್ಬಕ್ಕೆ ಪೌರಾಣಿಕ ನಾಟಕ ಕಲಿಯುವ ಯುವಕರು ಪಾತ್ರ ಹಂಚುವ ದಿನ ಪಡುವ ಸಂಕಟವನ್ನು ನೋಡಿದವರು ಬಲ್ಲರು. ದುರ್ಯೋಧನ, ಭೀಮ, ಕೃಷ್ಣರಿಗೆ ಪೈಪೋಟಿ. ವಿದುರನಿಗೆ, ಸಂಜಯನಿಗೆ ಯಾರೂ ಮುಂದೆ ಬರರು. ತಿಂಗಳುಗಟ್ಟಲೆ ತಾಲೀಮು ಮಾಡಿ ಎರಡು ಮಾತು ಆಡಿ ಹೋಗುವುದೇ ಎಂಬ ಬೇಸರ. ಗುಬ್ಬಿ ಕಂಪನಿಯ ಹುಡುಗರಿಗೂ ಇದೇ ಬೇಸರ ಇದ್ದಿರಲೇಬೇಕು. ಆದರೆ ತಮಗೆ ಅನ್ನ ಹಾಕುವ ಯಜಮಾನರೇ ರಾತ್ರಿ ಕಳ್ಳನಾಗಿ ನಿಲ್ಲುತ್ತಿದ್ದಾಗ ಯಾವ ಹುಡುಗ ತಾನೇ ತನ್ನ ಪಾತ್ರ ಸಣ್ಣದೆಂದು ಗೊಣಗಿಯಾನು?

ಆ ಹುಡುಗರಲ್ಲಿ ಒಬ್ಬ ಗಾಜನೂರಿನ ಮುತ್ತುರಾಜ. ಗಾಜನೂರು ಇರುವುದು ತಾಳವಾಡಿ ಸೀಮೆಯಲ್ಲಿ, ಇಂದಿನ ತಮಿಳುನಾಡಿನ ಈರೋಡ್ ಜಿಲ್ಲೆಯ ಕನ್ನಡ ನೆಲದಲ್ಲಿ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ಹೆಸರಾಂತ ನಟರು. ಮಗ ಅದೇ ಡೇರೆಯಲ್ಲಿ ಸಣ್ಣ ಪುಟ್ಟ ಪಾತ್ರಗಳನ್ನು ಮಾಡುತ್ತ, ಪರದೆಯ ಮರೆಯಲ್ಲಿ ಕೇಳುತ್ತ, ಬೇರೆ ಕಂಪನಿಯಲ್ಲೂ ದುಡಿಯುತ್ತ ಬೆಳೆದ. ಶಾಲೆಯ ಓದು ಅಲ್ಪ. ಆದರೆ ಮುಂದೆ ನಾಡು ಮೆಚ್ಚಿದ ಆ ಸ್ಪಷ್ಟ ಉಚ್ಚಾರಣೆಗೆ ಕಂಪನಿಯ ತಾಲೀಮೇ ತಳಹದಿ. 1954ರಲ್ಲಿ ವೀರಣ್ಣನವರ ಸಂಸ್ಥೆಯೂ ಎ.ವಿ. ಮೆಯ್ಯಪ್ಪನವರೂ ಕೂಡಿ ನಿರ್ಮಿಸಿದ, ಎಚ್.ಎಲ್.ಎನ್. ಸಿಂಹರ ನಿರ್ದೇಶನದ ‘ಬೇಡರ ಕಣ್ಣಪ್ಪ’ದಲ್ಲಿ ಅವನೇ ನಾಯಕ. ಮುತ್ತುರಾಜ ರಾಜ್‌ಕುಮಾರ್ ಆದುದು ಆಗ.

ಆದರೆ ಗುಬ್ಬಿ ಕಂಪನಿಯ ಶಿಕ್ಷಣವನ್ನು ಅಳೆಯಲು ನಾಯಕನೊಬ್ಬನನ್ನು ನೋಡಿದರೆ ಸಾಲದು. ಟಿ.ಎನ್. ಬಾಲಕೃಷ್ಣ, ಜಿ.ವಿ. ಅಯ್ಯರ್, ಅದೇ ಚಿತ್ರದಿಂದ ಬೆಳ್ಳಿತೆರೆಗೆ ಬಂದ ನರಸಿಂಹರಾಜು ಇವರೆಲ್ಲ ಆ ಕಂಪನಿಯ ಅನ್ನ ಉಂಡವರು. ನರಸಿಂಹರಾಜು, ಬಾಲಕೃಷ್ಣರು ಜೀವಮಾನವೆಲ್ಲ ಪೋಷಕ ಪಾತ್ರಗಳಲ್ಲೇ ನಿಂತರು. ಅವರಿಲ್ಲದ ಹಳೆಯ ಕನ್ನಡ ಚಿತ್ರವನ್ನು ನೆನೆಯುವುದು ಕಷ್ಟ. ಬಾಲಕೃಷ್ಣರಿಗಂತೂ ಕಿವಿ ಮಂದ. ಎದುರಿನವರ ತುಟಿಯ ಚಲನೆ ನೋಡಿ ಮಾತಿಗೆ ಮಾತು ಹೊಂದಿಸುತ್ತಿದ್ದರು. ಎದುರಿನ ನಟನನ್ನು ಗಮನಿಸುವುದೇ ಪೋಷಕ ನಟನ ಮೊದಲ ಪಾಠವೆಂದಾದರೆ ಅವರಷ್ಟು ಚೆನ್ನಾಗಿ ಅದನ್ನು ಕಲಿತವರು ವಿರಳ.

ದಕ್ಷಿಣ ಕನ್ನಡದ ಮಂಚಿಯಿಂದ ಬಂದು ಕಂಪನಿ ಸೇರಿದ ಹುಡುಗನ ಕಥೆ ಬೇರೆ ದಾರಿ ಹಿಡಿಯಿತು. ಅವನ ಓದಿನ ಹಂಬಲವನ್ನು ಕಂಡ ವೀರಣ್ಣನವರು ಹಿಂದಿಯ ಸ್ನಾತಕೋತ್ತರ ವ್ಯಾಸಂಗಕ್ಕೆ ಕಾಶಿಗೆ ಕಳುಹಿಸಿಕೊಟ್ಟರು. ತಾವು ಕಾಲೇಜಿನ ಮೆಟ್ಟಿಲು ಹತ್ತದವರು, ನಟನೊಬ್ಬನನ್ನು ರಂಗದಿಂದ ಬಿಡಿಸಿ ಓದಲು ಕಳುಹಿಸುವುದು ವ್ಯಾಪಾರಿಯ ಲೆಕ್ಕಕ್ಕೆ ಹೊಂದುವ ಕೆಲಸವಲ್ಲ. ಆ ಹುಡುಗ ಬಿ.ವಿ. ಕಾರಂತ. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾಗಿ, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ಕಂಪನಿಯ ಹಾಡುಗಾರಿಕೆ ಆಧುನಿಕ ರಂಗಭೂಮಿಗೆ ಮರಳಿ ಬಂದದ್ದು ಬಹುಮಟ್ಟಿಗೆ ಅವರ ರಂಗಸಂಗೀತದ ಮೂಲಕ.

ವೀರಣ್ಣನವರ ಬದುಕಿನಲ್ಲಿ ಒಂದು ವಿಪರ್ಯಾಸವೂ ಇದೆ. ಮೂಕಿಚಿತ್ರದ ಕಾಲದಿಂದಲೇ ಅವರು ಸಿನಿಮಾಕ್ಕೆ ಹಣ ಹೂಡಿದರು. ‘ಹರಿಮಾಯಾ’ದಿಂದ ಹಿಡಿದು ‘ಜೀವನ ನಾಟಕ’, ‘ಹೇಮರೆಡ್ಡಿ ಮಲ್ಲಮ್ಮ’, ‘ಗುಣಸಾಗರಿ’ಗಳವರೆಗೆ ಆ ನಂಟು ಬೆಳೆಯಿತು. ಬೆಂಗಳೂರಿನಲ್ಲಿ ಅವರ ಹೆಸರಿನ ಥಿಯೇಟರ್ ಎದ್ದಿತು. ಆದರೆ ನಾಟಕ ಕಂಪನಿಗಳ ಸಭಿಕರನ್ನು ಸೆಳೆದುಕೊಂಡದ್ದು ಅದೇ ಸಿನಿಮಾ. ಡೇರೆಗಳು ಒಂದೊಂದಾಗಿ ಕಳಚಿದವು. ಬೀದಿಪರದೆಯ ಮುಂದಿನ ನಟನಿಗೆ ಕೆಲಸವೇ ಉಳಿಯಲಿಲ್ಲ, ಏಕೆಂದರೆ ಚಿತ್ರದಲ್ಲಿ ಅರಮನೆಯಿಂದ ಉದ್ಯಾನಕ್ಕೆ ಹೋಗಲು ಕ್ಷಣವೂ ಬೇಡ. ಹಾಸ್ಯಗಾರ ಅಲ್ಲಿಯೂ ಉಳಿದ, ಹಳೆಯ ಅಭ್ಯಾಸದ ಬಲದಿಂದ.

ತಮ್ಮ ಅನುಭವಗಳನ್ನು ವೀರಣ್ಣನವರು ‘ಕಲೆಯೇ ಕಾಯಕ’ ಎಂಬ ಆತ್ಮಕಥನದಲ್ಲಿ ನಿರೂಪಿಸಿದ್ದಾರೆ. ವೃತ್ತಿರಂಗಭೂಮಿಯನ್ನು ಅಭ್ಯಾಸ ಮಾಡುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ವಿಮರ್ಶೆಯ ಪುಸ್ತಕಗಳಿಗಿಂತ ಮೊದಲು ಅದನ್ನು ಓದುವುದು ಲೇಸು. 1972ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಅದೇ ವರ್ಷದ ಅಕ್ಟೋಬರ್ 18ರಂದು ಅವರು ತೀರಿಕೊಂಡರು. ರಂಗಭೂಮಿಯಲ್ಲಿ ಬಹುಕಾಲ ದುಡಿದವರಿಗೆ ಕರ್ನಾಟಕ ಸರ್ಕಾರ ಕೊಡುವ ಪ್ರಶಸ್ತಿ ಇಂದು ಅವರ ಹೆಸರಿನಲ್ಲಿದೆ.