ವ್ಯಸನ ಬಿಡಿಸುವವರಿಗೆ ಶಾಲೆ ತೆರೆದ ಜೆಲಿನೆಕ್

1943ರ ಬೇಸಿಗೆಯಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅಪರೂಪದ ತರಗತಿಯೊಂದು ಆರಂಭವಾಯಿತು. ಚರ್ಚಿನ ಪಾದ್ರಿಗಳು, ಶಾಲಾ ಶಿಕ್ಷಕರು, ಸಮಾಜ ಕಾರ್ಯಕರ್ತರು, ಪಾನನಿರೋಧ ಸಂಘಟನೆಗಳ ಕಾರ್ಯಕರ್ತರು ಅಲ್ಲಿ ವಿದ್ಯಾರ್ಥಿಗಳಾಗಿ ಕುಳಿತಿದ್ದರು. ಪಠ್ಯವಿಷಯ ಒಂದೇ: ಮದ್ಯ ಮತ್ತು ಅದಕ್ಕೆ ದಾಸನಾದ ಮನುಷ್ಯ. ಶರೀರಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಕಾನೂನು, ಧರ್ಮ ಎಲ್ಲವನ್ನೂ ಈ ಒಂದು ಪ್ರಶ್ನೆಯ ಸುತ್ತ ಬೋಧಿಸುವ ಪ್ರಯತ್ನ ಅದಾಗಿತ್ತು. ವ್ಯಸನಿಗಳ ನೆರವಿಗೆ ನಿಲ್ಲುವವರಿಗೆ ವ್ಯವಸ್ಥಿತ ಶಿಕ್ಷಣ ಬೇಕೆಂಬ ವಿಚಾರವನ್ನು ವಿಶ್ವವಿದ್ಯಾಲಯದ ಅಂಗಳಕ್ಕೆ ತಂದ ಆ ಶಾಲೆಯ ನಿರ್ದೇಶಕರು ಎಲ್ವಿನ್ ಮಾರ್ಟನ್ ಜೆಲಿನೆಕ್.

ವಿಪರ್ಯಾಸವೆಂದರೆ, ಇತರರಿಗೆ ಶಾಸ್ತ್ರೀಯ ತರಬೇತಿಯ ಬಾಗಿಲು ತೆರೆದ ಈ ವಿದ್ವಾಂಸರ ಸ್ವಂತ ಪದವಿಯ ಬಗ್ಗೆಯೇ ಇಂದಿಗೂ ಅನುಮಾನಗಳಿವೆ. 1890ರಲ್ಲಿ ನ್ಯೂಯಾರ್ಕ್‌ನಲ್ಲಿ ಜನಿಸಿದ ಜೆಲಿನೆಕ್ ಬೆಳೆದದ್ದು ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ. ತಾಯಿ ಅಮೆರಿಕದ ಒಪೆರಾ ಗಾಯಕಿ. ಬರ್ಲಿನ್, ಗ್ರೆನೋಬಲ್ ಮತ್ತು ಲೈಪ್‌ಜಿಗ್ ವಿಶ್ವವಿದ್ಯಾಲಯಗಳಲ್ಲಿ ಅವರು ಸಂಖ್ಯಾಶಾಸ್ತ್ರ, ಶರೀರಶಾಸ್ತ್ರ, ಭಾಷಾಶಾಸ್ತ್ರ, ಮಾನವಶಾಸ್ತ್ರ ಎಂದು ಹಲವು ವಿಷಯಗಳನ್ನು ಅಭ್ಯಾಸ ಮಾಡಿದರು. ಆದರೆ ಲೈಪ್‌ಜಿಗ್‌ನಿಂದ ಪದವಿ ಪಡೆದರೆಂಬುದಕ್ಕೆ ದೃಢವಾದ ದಾಖಲೆ ನಂತರದ ಸಂಶೋಧಕರಿಗೆ ದೊರೆಯಲಿಲ್ಲ. ಬುಡಾಪೆಸ್ಟ್‌ನಲ್ಲಿದ್ದಾಗ 1917ರಲ್ಲಿ ಅವರು ಪ್ರಕಟಿಸಿದ ಕೃತಿಯೊಂದರ ವಿಷಯ ಪಾದರಕ್ಷೆಯ ಮೂಲ. ಮದ್ಯದ ಗೊಡವೆ ಆಗ ಅವರಿಗೆ ಇರಲಿಲ್ಲ.

ಮೊದಲ ಮಹಾಯುದ್ಧದ ನಂತರದ ಗೊಂದಲದ ದಿನಗಳಲ್ಲಿ ಜೆಲಿನೆಕ್ ಹಣಕಾಸಿನ ವ್ಯವಹಾರವೊಂದರಲ್ಲಿ ಸಿಲುಕಿದರು. ವಿದೇಶಿ ನಾಣ್ಯ ವಿನಿಮಯಕ್ಕೆ ಸಂಬಂಧಿಸಿದ ಹಗರಣವದು. 1920ರಲ್ಲಿ ಅವರು ಬುಡಾಪೆಸ್ಟ್‌ನಿಂದ ಕಣ್ಮರೆಯಾದರು. ಆ ದಶಕವನ್ನು ಕಳೆದದ್ದು ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್‌ನಲ್ಲಿ, ಬಳಿಕ ಮಧ್ಯ ಅಮೆರಿಕದ ಹೊಂಡುರಾಸ್‌ನಲ್ಲಿ. ಹೊಂಡುರಾಸ್‌ನಲ್ಲಿ ಯುನೈಟೆಡ್ ಫ್ರೂಟ್ ಕಂಪನಿಯ ಬಾಳೆ ತೋಟಗಳ ಸಂಶೋಧನೆಗೆ ಅವರ ಸಂಖ್ಯಾಶಾಸ್ತ್ರ ಒದಗಿಬಂತು. ಮೂವತ್ತರ ದಶಕದಲ್ಲಿ ಸ್ವದೇಶಕ್ಕೆ ಮರಳಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಸ್ಕಿಜೋಫ್ರೇನಿಯಾ ಕುರಿತ ಸಂಶೋಧನೆಯ ಸಂಖ್ಯಾಶಾಸ್ತ್ರಜ್ಞರಾದರು. ಹೀಗೆ ಬಿದ್ದು ಎದ್ದು ಬದುಕು ಕಟ್ಟಿಕೊಂಡ ವ್ಯಕ್ತಿಗೆ ಐವತ್ತರ ಹೊಸ್ತಿಲಲ್ಲಿ ತನ್ನ ನಿಜವಾದ ಕಾರ್ಯಕ್ಷೇತ್ರ ಗೋಚರಿಸಿತು.

ಆ ಹೊತ್ತಿನ ಅಮೆರಿಕವನ್ನು ನೆನಪಿಸಿಕೊಳ್ಳುವುದು ಅಗತ್ಯ. 1920ರಲ್ಲಿ ಜಾರಿಯಾದ ರಾಷ್ಟ್ರವ್ಯಾಪಿ ಪಾನನಿಷೇಧ 1933ರಲ್ಲಿ ರದ್ದಾಗಿತ್ತು. ನಿಷೇಧದ ಪರ ಮತ್ತು ವಿರೋಧದ ಬಣಗಳ ನಡುವೆ ಮಾತುಕತೆಯೇ ಅಸಾಧ್ಯವೆಂಬ ಸ್ಥಿತಿ. ಈ ಜಗಳದ ನಡುವೆ ಕುಡಿತಕ್ಕೆ ದಾಸನಾದ ವ್ಯಕ್ತಿಯನ್ನು ಕೇಳುವವರಿರಲಿಲ್ಲ. ಒಬ್ಬರಿಗೆ ಆತ ಪಾಪಿ, ಇನ್ನೊಬ್ಬರಿಗೆ ಅಪರಾಧಿ. 1935ರಲ್ಲಿ ಓಹಿಯೊದ ಆಕ್ರಾನ್ ಪಟ್ಟಣದಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಎಂಬ ಇಬ್ಬರು ಮದ್ಯವ್ಯಸನಿಗಳು ಪರಸ್ಪರ ಆಸರೆಯಿಂದ ಕುಡಿತ ತ್ಯಜಿಸಿ ಆಲ್ಕೊಹಾಲಿಕ್ಸ್ ಅನಾನಿಮಸ್ ಚಳವಳಿಗೆ ನಾಂದಿ ಹಾಡಿದ್ದರು. ಅವರ ಬಳಿ ಅನುಭವವಿತ್ತು, ಶಾಸ್ತ್ರದ ಮನ್ನಣೆ ಇರಲಿಲ್ಲ. ವೈದ್ಯರ ಬಳಿ ಶಾಸ್ತ್ರವಿತ್ತು, ಈ ರೋಗಿಯ ಬಗ್ಗೆ ಆಸಕ್ತಿ ಇರಲಿಲ್ಲ.

1939ರಲ್ಲಿ ಮದ್ಯದ ಪರಿಣಾಮಗಳ ಕುರಿತ ವೈಜ್ಞಾನಿಕ ಸಾಹಿತ್ಯವನ್ನೆಲ್ಲ ಪರಾಮರ್ಶಿಸುವ ಯೋಜನೆಯೊಂದಕ್ಕೆ ಕಾರ್ನೆಗಿ ಕಾರ್ಪೊರೇಷನ್ ಧನಸಹಾಯ ನೀಡಿತು. ಅದರ ಹೊಣೆ ಹೊತ್ತ ಜೆಲಿನೆಕ್ ಹಲವು ಭಾಷೆಗಳ ಪ್ರಬಂಧಗಳನ್ನು ಓದಿ, ವಿಂಗಡಿಸಿ, ತೂಗಿ ನೋಡಿದರು. ಅನಂತರ ಯೇಲ್‌ನಲ್ಲಿ ಹೊವಾರ್ಡ್ ಹ್ಯಾಗರ್ಡ್ ಅವರ ಪ್ರಯೋಗಾಲಯ ಸೇರಿದರು. ಅಲ್ಲಿ ರೂಪುಗೊಂಡದ್ದೇ 1943ರ ಬೇಸಿಗೆ ಶಾಲೆ. ಪಾನನಿಷೇಧವಾದಿಗಳನ್ನೂ ಅದರ ವಿರೋಧಿಗಳನ್ನೂ ಒಂದೇ ಕೊಠಡಿಯಲ್ಲಿ ಕೂರಿಸುವ ಧೈರ್ಯವನ್ನು ಅದು ತೋರಿತು. 1944ರ ಶಿಬಿರದಲ್ಲಿ ಬಿಲ್ ವಿಲ್ಸನ್ ಸ್ವತಃ ಉಪನ್ಯಾಸಕರಾಗಿ ನಿಂತರು. ಹಿಂದೊಮ್ಮೆ ಆಸ್ಪತ್ರೆಯ ಮಂಚದಲ್ಲಿ ನಡುಗುತ್ತಾ ಮಲಗಿದ್ದವರು ವಿಶ್ವವಿದ್ಯಾಲಯದ ವೇದಿಕೆಯಿಂದ ಪಾಠ ಹೇಳಿದರು. ಪ್ರಾಧ್ಯಾಪಕರು ಕೆಳಗೆ ಕುಳಿತು ಕೇಳಿದರು. ವ್ಯಸನ ಸಮಾಲೋಚನೆಯ ಶಿಕ್ಷಣಕ್ಕೆ ಇದಕ್ಕಿಂತ ಯೋಗ್ಯವಾದ ಮುನ್ನುಡಿ ಇರಲಾರದು.

ಅದೇ ವರ್ಷ ನ್ಯೂ ಹೇವನ್ ಮತ್ತು ಹಾರ್ಟ್‌ಫರ್ಡ್ ನಗರಗಳಲ್ಲಿ ಯೇಲ್ ಯೋಜನೆಯ ಚಿಕಿತ್ಸಾಲಯಗಳು ಆರಂಭವಾದವು. ಕುಡಿತದಿಂದ ಹೊರಬಂದಿದ್ದ ಮಾರ್ಟಿ ಮಾನ್ ಎಂಬ ಮಹಿಳೆ ಜೆಲಿನೆಕ್ ಅವರ ಬೆಂಬಲದಿಂದ ಮದ್ಯವ್ಯಸನದ ಬಗ್ಗೆ ಜನಶಿಕ್ಷಣ ನೀಡುವ ರಾಷ್ಟ್ರೀಯ ಸಮಿತಿಯನ್ನು ಕಟ್ಟಿದರು. ಬಿತ್ತಿದ ಬೀಜ ಬೇರೆಡೆಯೂ ಮೊಳೆಯಿತು. 1954ರಲ್ಲಿ ಮಿನ್ನೆಸೋಟ ರಾಜ್ಯದ ಸಿವಿಲ್ ಸೇವೆಯಲ್ಲಿ ಮದ್ಯವ್ಯಸನ ಸಮಾಲೋಚಕ ಎಂಬ ಹುದ್ದೆಯೇ ಸೃಷ್ಟಿಯಾಗಿ, ವ್ಯಸನಮುಕ್ತರು ವೈದ್ಯರ ಜೊತೆ ಸಂಬಳದ ನೌಕರರಾಗಿ ದುಡಿಯುವಂತಾಯಿತು. ಆಡಳಿತದ ಅನುಭವವಿರುವವರಿಗೆ ಇದರ ಮಹತ್ವ ಬೇಗ ಅರ್ಥವಾದೀತು. ಸದಾಶಯವೊಂದು ಮಂಜೂರಾದ ಹುದ್ದೆಯಾಗಿ ಬದಲಾಗುವವರೆಗೆ ಅದು ಸದಾಶಯವಾಗಿಯೇ ಉಳಿದಿರುತ್ತದೆ.

ಜೆಲಿನೆಕ್ ಅವರ ಹೆಸರು ಇಂದು ಹೆಚ್ಚಾಗಿ ಕೇಳಿಬರುವುದು ಒಂದು ನಕ್ಷೆಯ ಕಾರಣದಿಂದ. ಸಮಾಲೋಚಕರ ತರಬೇತಿಗಳಲ್ಲಿ ಜೆಲಿನೆಕ್ ರೇಖೆಯೆಂದು ತೋರಿಸುವ ಆ ನಕ್ಷೆಯಲ್ಲಿ ಕುಡುಕನ ಪತನ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಚೇತರಿಕೆ ಮತ್ತೆ ಮೇಲೇರುತ್ತದೆ. ವಾಸ್ತವವಾಗಿ ಚೇತರಿಕೆಯ ಆರೋಹಣವನ್ನು ಸೇರಿಸಿ ಆ ರೂಪ ಕೊಟ್ಟವರು ಬ್ರಿಟನ್ನಿನ ಮನೋವೈದ್ಯ ಮ್ಯಾಕ್ಸ್ ಗ್ಲಾಟ್. ಇಳಿಜಾರಿನ ಹಂತಗಳು ಮಾತ್ರ ಜೆಲಿನೆಕ್ ಅವರವು. ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಗ್ರೇಪ್‌ವೈನ್ ಪತ್ರಿಕೆ ಸದಸ್ಯರಿಗೆ ಹಂಚಿದ್ದ ಪ್ರಶ್ನಾವಳಿಗೆ 158 ಉತ್ತರಗಳು ಬಂದಿದ್ದವು. ಅವುಗಳಲ್ಲಿ 98 ಪುರುಷರ ಉತ್ತರಗಳನ್ನು ಮಾತ್ರ ವಿಶ್ಲೇಷಿಸಿ 1946ರಲ್ಲಿ ಅವರು ಪ್ರಬಂಧ ಪ್ರಕಟಿಸಿದರು. ಮಹಿಳೆಯರ ಉತ್ತರಗಳು ತೀರಾ ಕಡಿಮೆಯಿದ್ದು, ಪುರುಷರ ಉತ್ತರಗಳಿಗಿಂತ ಭಿನ್ನವಾಗಿದ್ದುದರಿಂದ ಅವನ್ನು ಕೈಬಿಟ್ಟರು. ಪ್ರಶ್ನಾವಳಿ ತಾವು ರೂಪಿಸಿದ್ದಲ್ಲ, ಮಾದರಿ ಚಿಕ್ಕದು ಎಂಬ ಮಿತಿಗಳನ್ನು ಅವರು ಮರೆಮಾಚಲಿಲ್ಲ. 1952ರ ವಿಸ್ತೃತ ಪ್ರಬಂಧ ಎರಡು ಸಾವಿರಕ್ಕೂ ಹೆಚ್ಚು ಪುರುಷರ ಕುಡಿತದ ಇತಿಹಾಸಗಳನ್ನು ಆಧರಿಸಿತ್ತು. ಅಲ್ಲಿಯೂ ಮಹಿಳೆ ಕಾಣಲಿಲ್ಲ.

ಆದರೆ ನಕ್ಷೆ ಗೋಡೆಗೇರಿದ ಮೇಲೆ ಅಡಿಟಿಪ್ಪಣಿಯನ್ನು ಓದುವವರು ವಿರಳ. ಪ್ರತಿಯೊಬ್ಬ ವ್ಯಸನಿಯೂ ಇದೇ ಮೆಟ್ಟಿಲುಗಳನ್ನು ಇದೇ ಕ್ರಮದಲ್ಲಿ ಇಳಿಯುತ್ತಾನೆಂಬ ನಂಬಿಕೆ ಬೇರೂರಿತು. ಪೂರ್ತಿ ತಳ ಮುಟ್ಟುವ ತನಕ ಚಿಕಿತ್ಸೆ ಫಲಿಸದೆಂಬ ಅಪಾಯಕಾರಿ ತೀರ್ಮಾನಕ್ಕೂ ಕೆಲವರು ಬಂದರು. ಸ್ವತಃ ಜೆಲಿನೆಕ್ ಚಲಿಸುತ್ತಿದ್ದುದು ವಿರುದ್ಧ ದಿಕ್ಕಿನಲ್ಲಿ. ಐವತ್ತರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಾರರಾಗಿ ಜಿನೀವಾದಲ್ಲಿದ್ದ ಅವರಿಗೆ ಬೇರೆ ಬೇರೆ ದೇಶಗಳ ಕುಡಿತದ ರೀತಿಗಳ ಪರಿಚಯವಾಯಿತು. ಫ್ರಾನ್ಸ್‌ನಲ್ಲಿ ಎಂದೂ ತೂರಾಡದೆ ದಿನವಿಡೀ ವೈನ್ ಸೇವಿಸಿ ಅದಿಲ್ಲದೆ ಬದುಕಲಾರದ ವ್ಯಕ್ತಿಗೂ, ಒಮ್ಮೆ ತುಟಿಗಿಟ್ಟರೆ ನಿಲ್ಲಿಸಲಾಗದ ಅಮೆರಿಕದ ವ್ಯಕ್ತಿಗೂ ಒಂದೇ ಅಳತೆಗೋಲು ಸಲ್ಲದೆಂದು ಅವರು ಕಂಡುಕೊಂಡರು. 1960ರಲ್ಲಿ ಪ್ರಕಟವಾದ ಪ್ರಮುಖ ಗ್ರಂಥದಲ್ಲಿ ಮದ್ಯವ್ಯಸನವನ್ನು ಗ್ರೀಕ್ ಅಕ್ಷರಗಳಿಂದ ಹೆಸರಿಸಿ ಐದು ಬಗೆಗಳಾಗಿ ವಿಂಗಡಿಸಿದರು. ಅವುಗಳಲ್ಲಿ ಗಾಮಾ ಮತ್ತು ಡೆಲ್ಟಾ ಎಂಬ ಎರಡನ್ನು ಮಾತ್ರ ಖಚಿತವಾಗಿ ರೋಗವೆಂದು ಪರಿಗಣಿಸಿದರು. ವ್ಯಸನ ರೋಗವೆಂಬ ವಾದದ ಪಿತಾಮಹರೆಂದು ಲೋಕ ಕರೆಯುವ ವ್ಯಕ್ತಿ ಆ ವಾದಕ್ಕೆ ಎಲ್ಲೆ ಹಾಕಲು ಹಿಂಜರಿಯಲಿಲ್ಲ.

ಇದೇ ಎಚ್ಚರವನ್ನು ಅವರು 1946ರ ಇನ್ನೊಂದು ಅಧ್ಯಯನದಲ್ಲೂ ತೋರಿದ್ದರು. ತಲೆನೋವಿನ 199 ಮಂದಿಗೆ ಔಷಧಗಳ ಜೊತೆ ಸರದಿಯಂತೆ ಔಷಧವಿಲ್ಲದ ಹುಸಿಗುಳಿಗೆಯನ್ನೂ ಕೊಟ್ಟಾಗ 120 ಮಂದಿ ಅದರಿಂದಲೂ ಉಪಶಮನ ಕಂಡರು. ಇವರನ್ನು ಬೇರ್ಪಡಿಸಿ ನೋಡಿದ ಮೇಲಷ್ಟೇ ಔಷಧಗಳ ನಡುವಣ ವ್ಯತ್ಯಾಸ ಸ್ಪಷ್ಟವಾಯಿತು. ಸರಾಸರಿಯ ಹಿಂದೆ ಅಡಗಿರುವ ಮನುಷ್ಯರನ್ನು ಹುಡುಕಬೇಕೆಂಬ ಈ ಪಾಠ ಸಮಾಲೋಚಕರಿಗೂ ಅನ್ವಯಿಸುತ್ತದೆ.

ಅವರ ಶಾಲೆ 1962ರಲ್ಲಿ ಯೇಲ್‌ನಿಂದ ರಟ್ಗರ್ಸ್ ವಿಶ್ವವಿದ್ಯಾಲಯಕ್ಕೆ ಸ್ಥಳಾಂತರಗೊಂಡಿತು. ಕೆನಡಾದಲ್ಲಿ ಕೆಲಕಾಲ ಬೋಧಿಸಿದ ಜೆಲಿನೆಕ್ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ಗೆ ತೆರಳಿದರು. 1963ರ ಅಕ್ಟೋಬರ್ 22ರಂದು ಅಲ್ಲಿ ತಮ್ಮ ಮೇಜಿನ ಮುಂದೆಯೇ ಕೊನೆಯುಸಿರೆಳೆದರು. ಆಗ ಅವರಿಗೆ 73 ವರ್ಷ.

ದೂರದ ದೇಶದ ಈ ಜೀವನಕಥೆ ನಮಗೇಕೆ ಎಂದು ಕೇಳಬಹುದು. ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಬಗೆಯ ಚಿಕಿತ್ಸೆ ಲಭಿಸಿತ್ತೆಂದು ಅದು ಹೇಳುತ್ತದೆ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು. ವ್ಯಸನವೇನೂ ಸಾರಾಯಿಯ ಜೊತೆ ಊರು ಬಿಡಲಿಲ್ಲ. ಅಬಕಾರಿ ಆದಾಯ ಆಯವ್ಯಯ ಪತ್ರದಲ್ಲಿ ಪ್ರತಿವರ್ಷ ಅಚ್ಚುಕಟ್ಟಾಗಿ ನಮೂದಾಗುತ್ತದೆ. ಅದೇ ಮದ್ಯ ಒಂದು ಕುಟುಂಬದಿಂದ ಕಸಿದ ಕೂಲಿ, ಶಾಲೆ ಬಿಟ್ಟ ಮಗು, ಅಡವಿಟ್ಟ ತಾಳಿ ಯಾವ ಲೆಕ್ಕಶೀರ್ಷಿಕೆಯಡಿಯೂ ಬರುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ವ್ಯಸನ ಚಿಕಿತ್ಸೆಯ ಉನ್ನತ ತರಬೇತಿ ದೊರೆಯುತ್ತದೆ. ಆದರೆ 38ರಲ್ಲಿ ಉಳಿದ 37 ಜನರಿಗೆ ಅಂಥ ಕೆಲವು ಕೇಂದ್ರಗಳು ಸಾಲುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲಿ, ಸ್ಥಳೀಯ ಭಾಷೆಯಲ್ಲಿ ಮಾತನಾಡಬಲ್ಲ, ನಿಗದಿತ ವಿದ್ಯಾರ್ಹತೆ ಮತ್ತು ಮೇಲ್ವಿಚಾರಣೆಯಲ್ಲಿ ಪಳಗಿದ ಸಮಾಲೋಚಕರ ಕಾಯಂ ಹುದ್ದೆಗಳು ಬೇಕು. ಸ್ನಾತಕೋತ್ತರ ಪದವಿ ಅಗತ್ಯ, ಅದೊಂದೇ ಸಾಲದು. ಕುಡಿತ ಬಿಟ್ಟವನ ಅನುಭವ ಅಮೂಲ್ಯ. ತರಬೇತಿಯಿಲ್ಲದಿದ್ದರೆ ಅದು ತನ್ನ ಕಥೆಯನ್ನೇ ಎಲ್ಲರ ಮೇಲೆ ಹೇರುವ ಅಪಾಯವಿದೆ. ಇವೆರಡನ್ನೂ ಒಂದೇ ಕೊಠಡಿಗೆ ತಂದದ್ದು ಜೆಲಿನೆಕ್ ಅವರ ದೊಡ್ಡ ಸಾಧನೆ. ಅವರ ಪ್ರಮಾಣಪತ್ರಗಳ ಬಗ್ಗೆ ಇತಿಹಾಸಕಾರರು ಇನ್ನೂ ಚರ್ಚಿಸಲಿ. ಎದುರಿಗೆ ಕುಳಿತವನ ಮಾತಿಗೆ ನಕ್ಷೆಗಿಂತ ಹೆಚ್ಚು ಬೆಲೆಯಿದೆ ಎಂಬ ಅವರ ಬದುಕಿನ ಪಾಠವನ್ನು ನಮ್ಮ ಪಠ್ಯಕ್ರಮ ರೂಪಿಸುವವರು ಮೊದಲ ಪುಟದಲ್ಲೇ ಬರೆದುಕೊಳ್ಳಲಿ.