ತಟ್ಟೆಯಲ್ಲಿ ಉಳಿದ ದನಿ: ಗೌಹರ್ ಜಾನ್

ಚಲನಚಿತ್ರಗಳು ಮೂಕವಾಗಿದ್ದ ಕಾಲದಲ್ಲೇ ಅವುಗಳಿಗೆ ಹಾಡು ಜೋಡಿಸುವ ಪ್ರಯತ್ನಗಳು ನಡೆದಿದ್ದವು. 1900ರ ದಶಕದಲ್ಲಿ ಫ್ರಾನ್ಸಿನ ಗೋಮೋಂ ಕಂಪನಿ ಹಾಗೂ ಜರ್ಮನಿಯ ಆಸ್ಕರ್ ಮೆಸ್ಟರ್ ಚಿಕ್ಕ ಚಿಕ್ಕ ಹಾಡಿನ ಚಿತ್ರಗಳನ್ನು ತಯಾರಿಸಿದರು. ಮೊದಲು ದನಿಯನ್ನು ಗ್ರಾಮಫೋನ್ ತಟ್ಟೆಗೆ ಇಳಿಸಿ, ನಂತರ ಆ ಹಾಡಿಗೆ ತುಟಿ ಆಡಿಸುವುದನ್ನು ಚಿತ್ರೀಕರಿಸುತ್ತಿದ್ದರು. ಪ್ರದರ್ಶನದಲ್ಲಿ ಎರಡನ್ನೂ ಒಟ್ಟಿಗೆ ಓಡಿಸಬೇಕಿತ್ತು. ತಟ್ಟೆ ಮೂರು ನಾಲ್ಕು ನಿಮಿಷಕ್ಕೆ ಮುಗಿಯುತ್ತಿದ್ದುದರಿಂದ ಚಿತ್ರವೂ ಅಷ್ಟೇ ಇರುತ್ತಿತ್ತು.

ನಮ್ಮ ದೇಶದಲ್ಲಿ ಆ ತಟ್ಟೆಯ ಹಾಡನ್ನು ಮನೆಮಾತಾಗಿಸಿದವರಲ್ಲಿ ಗೌಹರ್ ಜಾನ್ ಮೊದಲಿಗರು. ಅವರು ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲಿ ಎಂಬುದು ಅನೇಕರಿಗೆ ತಿಳಿದಿಲ್ಲ.

ಅವರು 1873ರಲ್ಲಿ ಉತ್ತರ ಪ್ರದೇಶದ ಆಜಂಗಢದಲ್ಲಿ ಜನಿಸಿದರು. ಹುಟ್ಟು ಹೆಸರು ಏಂಜಲೀನಾ. ತಂದೆ ತಾಯಿ ಬೇರೆಯಾದಾಗ ಆಕೆ ಇನ್ನೂ ಚಿಕ್ಕ ಬಾಲಕಿ. ತಾಯಿ ಮಗಳು ಬನಾರಸಿಗೆ ಬಂದು ಇಸ್ಲಾಂ ಸ್ವೀಕರಿಸಿದರು. ತಾಯಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಜಾನ್ ಆದರು. ತಾಯಿ ಉರ್ದು ಕವಯಿತ್ರಿಯೂ ಆಗಿದ್ದರು. ಮುಂದೆ ಕಲ್ಕತ್ತೆಯಲ್ಲಿ ನೆಲೆಸಿದ ಗೌಹರ್, ಸಂಗೀತದ ಜೊತೆಗೆ ಬಿಂದಾದಿನ್ ಮಹಾರಾಜರಲ್ಲಿ ಕಥಕ್ ಕಲಿತರು. ಹಲವು ಭಾಷೆಗಳಲ್ಲಿ ಹಾಡುವ ಸಾಮರ್ಥ್ಯ ಗಳಿಸಿದರು.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದರು. ಆಗ ಮೈಕ್ ಇರಲಿಲ್ಲ. ದೊಡ್ಡ ಕಹಳೆಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಗಂಟೆಗಟ್ಟಲೆ ಹರಿಯುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವುದು ಸುಲಭವಲ್ಲ. ಹಲವು ಉಸ್ತಾದರು ಹಿಂಜರಿದ ಈ ಕೆಲಸವನ್ನು ಗೌಹರ್ ಧೈರ್ಯದಿಂದ ಮಾಡಿದರು. ಮುದ್ರಿಕೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಗಳಾಗಿ ಮರಳುತ್ತಿದ್ದವು. ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲೆಂದು ಹಾಡಿನ ಕೊನೆಗೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಇಂದಿಗೂ ಅದು ಕೇಳಿಸುತ್ತದೆ. 1911ರ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿಬಾಯಿಯವರೊಂದಿಗೆ ಹಾಡಿದ ಗೌರವವೂ ಅವರದು.

ಆದರೆ ಕೀರ್ತಿ ಕೊಟ್ಟ ಸಂಪತ್ತು ಉಳಿಯಲಿಲ್ಲ. ಆಸ್ತಿಯ ಮೊಕದ್ದಮೆಗಳು, ನಂಬಿದವರಿಂದಾದ ನಷ್ಟ ಅವರನ್ನು ಬರಿಗೈ ಮಾಡಿದವು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನ ಗಾಯಕಿಯಾಗಿ ನೇಮಿಸಿಕೊಂಡರು. ಆ ಆಶ್ರಯದಲ್ಲಿ ಕಳೆದದ್ದು ಎರಡು ವರ್ಷಕ್ಕೂ ಕಡಿಮೆ. 1930ರ ಜನವರಿ 17ರಂದು ಮೈಸೂರಿನಲ್ಲಿ ನಿಧನರಾದರು. ಮರು ವರ್ಷ, 1931ರ ಮಾರ್ಚ್ 14ರಂದು, ಮುಂಬಯಿಯಲ್ಲಿ 'ಆಲಂ ಆರಾ' ತೆರೆಕಂಡು ಭಾರತೀಯ ಚಿತ್ರ ಮಾತಾಡಿತು, ಹಾಡಿತು.

ಅದೇ ಕಲ್ಕತ್ತೆಯಲ್ಲಿ ಹೀರಾಲಾಲ್ ಸೇನ್ ಎಂಬವರು 'ಅಲಿಬಾಬಾ' ನಾಟಕದ ದೃಶ್ಯಗಳನ್ನು ಚಿತ್ರೀಕರಿಸಿದ್ದರು. ಅವರ ಚಿತ್ರಗಳೆಲ್ಲ 1917ರ ಬೆಂಕಿಯಲ್ಲಿ ಸುಟ್ಟುಹೋದವು. ಗೌಹರರ ದನಿ ಮಾತ್ರ ಸಂಗ್ರಾಹಕರು ಜೋಪಾನ ಮಾಡಿದ ತಟ್ಟೆಗಳಿಂದ ನಮಗೆ ತಲುಪಿದೆ.

ವಿದ್ಯಾರ್ಥಿಗಳೇ, ಮನೆ, ಆಸ್ತಿ ಅವರ ಕೈಬಿಟ್ಟವು; ಕಲಿತ ವಿದ್ಯೆ ಕೈಬಿಡಲಿಲ್ಲ. ಹೊಸ ಯಂತ್ರ ಬಂದಾಗ ಹೆದರದೆ ಅದರ ಮುಂದೆ ನಿಂತ ಆ ಮಹಿಳೆಯನ್ನು ನಾವು ನೆನೆಯಬೇಕು. ನಮ್ಮ ಹೆಣ್ಣುಮಕ್ಕಳ ಕೈಗೆ ಕೊಡಬೇಕಾದ ಆಸ್ತಿ ಯಾವುದೆಂದು ಅವರ ಬದುಕು ಹೇಳುತ್ತದೆ.