ನಿರೀಕ್ಷೆಗೆ ಬೆಲೆ ಕಟ್ಟಿದ ಉಪಾಧ್ಯಾಯ: ಅಬ್ರಹಾಂ ಡಿ ಮ್ವಾವ್ರ್

ದಾಳ ನಾಣ್ಯಗಳ ಲೆಕ್ಕವನ್ನು ನಾವೆಲ್ಲರೂ ಶಾಲೆಯಲ್ಲಿ ಮಾಡಿದವರೇ. ಆರು ಮುಖಗಳ ದಾಳವನ್ನು ಉರುಳಿಸಿದಾಗ ಬೀಳುವ ಸಂಖ್ಯೆಯ ನಿರೀಕ್ಷಿತ ಮೌಲ್ಯ ಮೂರೂವರೆ ಎಂದು ಮುಂದಿನ ತರಗತಿಗಳಲ್ಲಿ ಬರೆದು ಅಂಕ ಗಳಿಸಿದವರೂ ನಮ್ಮಲ್ಲಿದ್ದಾರೆ. ದಾಳದ ಯಾವ ಮುಖದಲ್ಲಿಯೂ ಇಲ್ಲದ ಮೂರೂವರೆಯನ್ನು ನಿರೀಕ್ಷಿಸುವುದು ಹೇಗೆಂಬ ಸಂಶಯ ಮಾತ್ರ ಹಲವರಲ್ಲಿ ಹಾಗೆಯೇ ಉಳಿದಿರುತ್ತದೆ. ಈ ಲೆಕ್ಕವನ್ನೇ ಜೀವನೋಪಾಯವಾಗಿ ಮಾಡಿಕೊಂಡಿದ್ದ ಮನೆಪಾಠದ ಉಪಾಧ್ಯಾಯನೊಬ್ಬನ ಬಾಳನ್ನು ಅರಿತರೆ ಆ ಸಂಶಯವು ತಾನಾಗಿ ತಿಳಿಯಾಗುತ್ತದೆ.

ಅಬ್ರಹಾಂ ಡಿ ಮ್ವಾವ್ರ್ 1667ರಲ್ಲಿ ಫ್ರಾನ್ಸಿನ ವಿತ್ರಿ ಎಂಬ ಪಟ್ಟಣದಲ್ಲಿ ಪ್ರಾಟೆಸ್ಟಂಟ್ ಮತದ ಶಸ್ತ್ರವೈದ್ಯನೊಬ್ಬನ ಮಗನಾಗಿ ಹುಟ್ಟಿದನು. ಆತನು ಓದುತ್ತಿದ್ದ ಸೆಡಾನಿನ ವಿದ್ಯಾಲಯವನ್ನು ಸರಕಾರವು ಮುಚ್ಚಿಸಿತು. 1685ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯು ಪ್ರಾಟೆಸ್ಟಂಟರಿಗೆ ಇದ್ದ ರಕ್ಷಣೆಯನ್ನೇ ಕಿತ್ತುಹಾಕಿದನು. ಸಹಸ್ರಾರು ಕುಟುಂಬಗಳು ಗಡಿ ದಾಟಿದವು. ತರುಣ ಡಿ ಮ್ವಾವ್ರನೂ ಆ ದಶಕ ಮುಗಿಯುವುದರೊಳಗೆ ಲಂಡನ್ನನ್ನು ಸೇರಿದನು.

ಅಲ್ಲಿ ಆತನಿಗೆ ಇದ್ದ ಬಂಡವಾಳ ಗಣಿತವೊಂದೇ. ಮನೆಯಿಂದ ಮನೆಗೆ ನಡೆದು ಶ್ರೀಮಂತರ ಮಕ್ಕಳಿಗೆ ಪಾಠ ಹೇಳುತ್ತಿದ್ದನು. ಒಂದು ಮನೆಯಲ್ಲಿ ನ್ಯೂಟನ್ನನ ಪ್ರಿನ್ಸಿಪಿಯಾ ಗ್ರಂಥವು ಕಣ್ಣಿಗೆ ಬಿತ್ತು. ತಾನು ಬಲ್ಲ ಗಣಿತ ಎಷ್ಟು ಅಲ್ಪವೆಂದು ಆಗ ತಿಳಿಯಿತು. ಒಂದು ಪ್ರತಿಯನ್ನು ಕೊಂಡು, ಹಾಳೆಗಳನ್ನು ಬಿಡಿಸಿ ಕಿಸೆಯಲ್ಲಿಟ್ಟುಕೊಂಡು, ಒಂದು ಪಾಠಕ್ಕೂ ಇನ್ನೊಂದಕ್ಕೂ ನಡುವೆ ದಾರಿಯಲ್ಲೇ ಓದಿ ಮುಗಿಸಿದನಂತೆ. 1697ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದನು. ನ್ಯೂಟನ್ನನ ಸ್ನೇಹವೂ ದೊರೆಯಿತು. ಆದರೆ ವಿಶ್ವವಿದ್ಯಾನಿಲಯದ ಪೀಠವೊಂದು ಕೊನೆಯವರೆಗೂ ಸಿಗಲಿಲ್ಲ. ಇಷ್ಟು ದೊಡ್ಡ ವಿದ್ವಾಂಸನು ಕಾಫಿ ಅಂಗಡಿಯಲ್ಲಿ ಕುಳಿತು, ಜೂಜುಗಾರರಿಗೂ ವಿಮೆಯ ವ್ಯವಹಾರಸ್ಥರಿಗೂ ಲೆಕ್ಕ ಹೇಳಿ ಪುಡಿಗಾಸು ಸಂಪಾದಿಸಬೇಕಾಯಿತೆಂಬುದು ನಮಗೆ ಇಂದಿಗೂ ಸಂಕಟದ ಸಂಗತಿಯೇ.

ಆ ಗಿರಾಕಿಗಳ ಪ್ರಶ್ನೆ ಮೂಲತಃ ಒಂದೇ: ಬರುವುದೋ ಬಾರದೋ ತಿಳಿಯದ ಹಣಕ್ಕೆ ಈಗ ಎಷ್ಟು ಕೊಡಬಹುದು? ಡಚ್ ವಿದ್ವಾಂಸ ಹೈಗೆನ್ಸನು 1657ರಲ್ಲಿಯೇ ಇದಕ್ಕೆ ದಾರಿ ತೋರಿಸಿದ್ದನು. ಡಿ ಮ್ವಾವ್ರನು 1718ರಲ್ಲಿ ಪ್ರಕಟಿಸಿ ನ್ಯೂಟನ್ನನಿಗೆ ಅರ್ಪಿಸಿದ ಡಾಕ್ಟ್ರಿನ್ ಆಫ್ ಚಾನ್ಸಸ್ ಗ್ರಂಥದಲ್ಲಿ ಅದನ್ನು ವಿಸ್ತರಿಸಿದನು. ಸಿಗಬಹುದಾದ ಮೊತ್ತವನ್ನು ಅದು ಸಿಗುವ ಸಂಭವನೀಯತೆಯಿಂದ ಗುಣಿಸಿದರೆ ಬರುವುದೇ ನಿರೀಕ್ಷೆ. ನೂರು ರೂಪಾಯಿ ಸಿಗುವ ಸಂಭವ ನಾಲ್ಕರಲ್ಲಿ ಒಂದಾದರೆ ಆ ಆಸೆಯ ಬೆಲೆ ಇಪ್ಪತ್ತೈದು. ಇಂತಹ ನಿರೀಕ್ಷೆಗಳು ಹಲವಿದ್ದರೆ ಅವನ್ನು ಕೂಡಿಸಿದರಾಯಿತು. ದಾಳದ ಚುಕ್ಕೆಯೊಂದಕ್ಕೆ ರೂಪಾಯಿಯಂತೆ ಕೊಡುವ ಆಟದಲ್ಲಿ ಪ್ರತಿ ಸರದಿಗೂ ಮೂರೂವರೆ ರೂಪಾಯಿ ಕಟ್ಟಿದರೆ ಯಾವ ಪಕ್ಷಕ್ಕೂ ಅನ್ಯಾಯವಿಲ್ಲ. ಆ ಮೂರೂವರೆ ದಾಳದ ಮುಖವಲ್ಲ, ಆಟದ ನ್ಯಾಯವಾದ ಬೆಲೆ.

ಆದರೆ ನಿಜವಾದ ಫಲ ನಿರೀಕ್ಷೆಯಿಂದ ಎಷ್ಟು ದೂರ ಸರಿದೀತು? 1733ರಲ್ಲಿ ಸ್ನೇಹಿತರಿಗೆಂದು ಅಚ್ಚುಹಾಕಿಸಿದ ಚಿಕ್ಕ ಲ್ಯಾಟಿನ್ ಪುಸ್ತಿಕೆಯೊಂದರಲ್ಲಿ ಆತನು ಇದಕ್ಕೆ ಉತ್ತರವಿತ್ತನು. ನಾಣ್ಯವನ್ನು 3600 ಸಲ ಚಿಮ್ಮಿದರೆ ತಲೆ ಬೀಳುವುದು 1800 ಸಲವೆಂಬ ನಿರೀಕ್ಷೆ. ಅದು 1770ಕ್ಕೂ 1830ಕ್ಕೂ ನಡುವೆ ನಿಲ್ಲುವ ಸಂಭವ ನೂರಕ್ಕೆ ಸುಮಾರು 68. ತಲೆಗಳ ಸಂಖ್ಯೆಯಂತಹ, ಆಕಸ್ಮಿಕದಿಂದ ಬೆಲೆ ಪಡೆಯುವ ರಾಶಿಗೆ ಯಾದೃಚ್ಛಿಕ ಚರ ಎಂಬ ಹೆಸರು ಬಂದದ್ದು ಎಷ್ಟೋ ಕಾಲದ ಮೇಲೆ. ಇಂದು ಪಾಠಪುಸ್ತಕಗಳಲ್ಲಿ ಕಾಣುವ ಗಂಟೆಯಾಕಾರದ ವಕ್ರರೇಖೆಯ ಮೂಲ ಈ ಪುಸ್ತಿಕೆಯಲ್ಲಿದೆ. ನಮ್ಮ ಎಣಿಕೆಯಲ್ಲಿ ಆತನ ಪರಮ ಸಾಧನೆ ಇದೇ.

ಮನುಷ್ಯನ ಆಯುಷ್ಯವೂ ಅಂತಹ ರಾಶಿಯೇ. ಬದುಕಿರುವವರೆಗೆ ವರ್ಷವರ್ಷವೂ ಹಣ ಸಲ್ಲುವ ವರ್ಷಾಶನಕ್ಕೆ ಬೆಲೆ ಕಟ್ಟಲು ಅದನ್ನೂ ಎಣಿಸಬೇಕಿತ್ತು. 1725ರ ಗ್ರಂಥದಲ್ಲಿ ಆತನು, ಜೀವಿತದ ಮಿತಿ 86 ವರ್ಷವೆಂದೂ ಅಲ್ಲಿಯವರೆಗೆ ವರ್ಷಕ್ಕೆ ಸಮಸಂಖ್ಯೆಯ ಜನ ತೀರಿಹೋಗುವರೆಂದೂ ಸರಳವಾಗಿ ಊಹಿಸಿದನು. ಹಾಗಾದರೆ ಐವತ್ತರ ವ್ಯಕ್ತಿಗೆ ಉಳಿದಿರುವುದು ಹೆಚ್ಚೆಂದರೆ 36 ವರ್ಷ. ನಿರೀಕ್ಷೆ ಅದರರ್ಧ, 18. ಬಡ್ಡಿಯ ಲೆಕ್ಕ ಸೇರಿಸಿದರೆ ಬೆಲೆ ದೊರೆಯುತ್ತದೆ.

ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯು ಆತನನ್ನು ಸದಸ್ಯನನ್ನಾಗಿ ಆರಿಸಿದ್ದು 1754ರಲ್ಲಿ, ಕಣ್ಣು ಮಂಜಾದ ಮುಪ್ಪಿನಲ್ಲಿ. ಅದೇ ವರ್ಷ ನವೆಂಬರ್ 27ರಂದು ಡಿ ಮ್ವಾವ್ರನು ಲಂಡನ್ನಿನಲ್ಲಿ ತೀರಿಕೊಂಡನು. ಆಗ ಆತನ ವಯಸ್ಸು, ತಾನೇ ವಿಧಿಸಿದ್ದ ಮಿತಿಯನ್ನು ಮೀರಿ, 87. ಡಾಕ್ಟ್ರಿನ್ ಆಫ್ ಚಾನ್ಸಸ್ ಗ್ರಂಥದ ಮೂರನೆಯ ಆವೃತ್ತಿಯು 1756ರಲ್ಲಿ ಹೊರಬಂದಿತು.